ಊರ ಕೆಲಸಕ್ಕೆ ಹೊತ್ತು ಹೊಂದಿಸೋದು ಹೇಗೆ?

ಬನಶಂಕರಿಯವ:

ಎಲ್ಲರಿಗೂ ನಮಸ್ಕಾರ. ನೇರವಾಗಿ ಕೇಳುತ್ತೇನೆ. ಕೆಲಸ, ಮಕ್ಕಳ ಓದು, ವಯಸ್ಸಾದ ಅಪ್ಪ ಅಮ್ಮ ಎಲ್ಲವನ್ನೂ ನೋಡಿಕೊಂಡು ನೀವು ನಿಮ್ಮ ಬಡಾವಣೆಗೋ ಹಳ್ಳಿಗೋ ಏನಾದರೂ ಮಾಡುತ್ತೀರಲ್ಲ, ಅದಕ್ಕೆ ಹೊತ್ತು ಎಲ್ಲಿಂದ ಬರುತ್ತದೆ?

ನನ್ನ ಆಫೀಸು ಔಟರ್ ರಿಂಗ್ ರೋಡ್ ಕಡೆ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಯಾರ ಜೊತೆಗೂ ಮಾತಾಡುವ ತ್ರಾಣ ಇರಲ್ಲ. ಕಾಲೇಜಿನಲ್ಲಿದ್ದಾಗ ಎನ್‌ಎಸ್‌ಎಸ್‌ನಲ್ಲಿದ್ದೆ. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಮೇಲೆ ಏಳು ದಿನದ ಶಿಬಿರ. ಹಳ್ಳಿ ಶಾಲೆಗೆ ಸುಣ್ಣ ಬಳಿದೆವು, ಚರಂಡಿ ತೋಡಿದೆವು. ಆ ಖುಷಿ ಆಮೇಲೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಈಗ ಮನೆ ಹತ್ತಿರದ ಕೆರೆ ಗುಂಪಿಗೆ ಸೇರಿದ್ದೇನೆ. ಭಾನುವಾರ ಬೆಳಗ್ಗೆ 6.30ಕ್ಕೆ ಎಲ್ಲರೂ ಸೇರುತ್ತಾರೆ. ಒಂದು ವಾರ ಮಗಳಿಗೆ ಜ್ವರ, ಇನ್ನೊಂದು ವಾರ ನೆಂಟರ ಮದುವೆ, ಮತ್ತೊಂದು ವಾರ ಆಫೀಸಿನ ಫೋನು. ಗುಂಪಿನವರು ಒಳ್ಳೆಯವರು, ಯಾರೂ ಏನೂ ಅನ್ನಲ್ಲ. ಆದರೂ ಕಸಿವಿಸಿ ಆಗುತ್ತದೆ.

"ಮನಸ್ಸಿದ್ದರೆ ಹೊತ್ತು ಸಿಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಮನಸ್ಸಿದೆ ಮಾರಾಯ್ರೆ, ಹೊತ್ತೇ ಇಲ್ಲ. ನಿಮ್ಮ ವಾರ ನಿಜಕ್ಕೂ ಹೇಗಿರುತ್ತದೆ ಅಂತ ಬರೆಯಿರಿ, ಅದೇ ನನಗೆ ಬೇಕಿರೋದು.

ಕೆರೆದಂಡೆ:

ಒಳ್ಳೆ ಪ್ರಶ್ನೆ. ನಾನು ಬೇರೊಂದು ಕೆರೆ ಗುಂಪಿನಲ್ಲಿ ವರ್ಷಗಳಿಂದ ಇದ್ದೇನೆ. ಕೆರೆ ಗುಂಪು ಅಂದ ಕೂಡಲೇ ಜನ ಗುದ್ದಲಿ, ಗಂಬೂಟು, ಭಾನುವಾರ ಅಂದುಕೊಳ್ಳುತ್ತಾರೆ. ಅದು ಕಾಲು ಭಾಗವೂ ಅಲ್ಲ.

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಗೊತ್ತಿರಬಹುದು. ಅಕ್ಕಪಕ್ಕದ ಮನೆಯವರು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು, 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಳ್ಳುವ ಹೊಣೆ ಹೊತ್ತರು. ಇಂಥ ಕೆಲಸ ವರ್ಷಗಟ್ಟಲೆ ನಡೆಯಬೇಕಾದರೆ ಬರೀ ಕಳೆ ಕಿತ್ತರೆ ಆಗಲ್ಲ. ಮಾಲಿಗೆ, ಕಾವಲುಗಾರರಿಗೆ ಪ್ರತಿ ತಿಂಗಳು ಸಂಬಳ ಕೊಡಬೇಕು. ಅದಕ್ಕೆ ದುಡ್ಡು ಎತ್ತಬೇಕು. ಎತ್ತಿದ ದುಡ್ಡಿಗೆ ರಸೀದಿ, ವರ್ಷಕ್ಕೊಮ್ಮೆ ಆಡಿಟ್. ಎಂಜಿನಿಯರ್‌ಗೆ ಪತ್ರ, ಜಲಮಂಡಳಿಗೆ ಇನ್ನೊಂದು ಪತ್ರ. ಚರಂಡಿ ನೀರು ಯಾವ ಕಡೆಯಿಂದ ನುಗ್ಗುತ್ತಿದೆ ಅಂತ ಫೋಟೋ ತೆಗೆದು ತಾರೀಖು ಹಾಕಿ ಇಡಬೇಕು. ಇದರಲ್ಲಿ ಅರ್ಧ ಕೆಲಸ ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆಯಲ್ಲಿ ಕೂತು ಮಾಡುವಂಥದ್ದು.

ಭಾನುವಾರ ಕಳೆ ಕೀಳೋಕೆ ಜನ ಬರುತ್ತಾರೆ. ಲೆಕ್ಕ ಬರೆಯೋಕೆ ಯಾರೂ ಬರಲ್ಲ. ನಿಮ್ಮ ಗುಂಪಿನಲ್ಲಿ ಕೇಳಿ ನೋಡಿ, ಲೆಕ್ಕ ನೋಡಿಕೊಳ್ಳುವವರು ಒಬ್ಬರೇ ಇರುತ್ತಾರೆ, ಅವರಿಗೆ ಸಾಕಾಗಿ ಹೋಗಿರುತ್ತದೆ.

ಪುಸ್ತಕಹುಳ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಬಡಾವಣೆ ವಾಚನಾಲಯದಲ್ಲೂ ಇದೇ ಕತೆ. ಪುಸ್ತಕ ಕೊಡೋಕೆ ಜನ ಇದ್ದಾರೆ, ಪಟ್ಟಿ ಮಾಡೋಕೆ ಇಲ್ಲ.

ಹಾಸನದವಳು:

ಒಂದು ಮಾತು ಕೇಳಲಾ? ಭಾನುವಾರ ಬೆಳಗ್ಗೆ 6.30ಕ್ಕೆ ನೀವು ಕೆರೆ ಹತ್ತಿರ ಇದ್ದರೆ ಮನೆಯಲ್ಲಿ ಮಗಳಿಗೆ ಹಾಲು ಕಾಯಿಸೋದು, ನಿಮ್ಮ ಅಪ್ಪನಿಗೆ ಮಾತ್ರೆ ಕೊಡೋದು ಯಾರು?

ಜಗಳಕ್ಕೆ ಹೇಳುತ್ತಿಲ್ಲ. ಹೊತ್ತು ಎಲ್ಲಿಂದ ಬರುತ್ತದೆ ಅಂತ ಕೇಳಿದಿರಿ, ಬಹಳ ಮನೆಗಳಲ್ಲಿ ಅದು ಹೆಂಗಸರ ಹೊತ್ತಿನಿಂದ ಬರುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಸರಾಸರಿ, ಏನೂ ಮಾಡದವರು ಆ ಲೆಕ್ಕದಲ್ಲೇ ಇಲ್ಲ.

ನಮ್ಮ ಬೀದಿಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿಸಿದ್ದು ಐದಾರು ಜನ ಹೆಂಗಸರು. ಬೆಳಗ್ಗೆ ಪೌರಕಾರ್ಮಿಕರ ಗಾಡಿ ಬಂದಾಗ ಮನೆ ಮನೆ ಬಾಗಿಲಿಗೆ ಹೋಗಿ ನಿಂತೆವು. ತಿಂಡಿ, ಡಬ್ಬಿ, ಸ್ಕೂಲ್ ಬಸ್ಸಿನ ಮಧ್ಯೆ ಆ ಹೊತ್ತು ಹೇಗೆ ಸಿಕ್ಕಿತು ಗೊತ್ತಾ? ನಮ್ಮೊಳಗೇ ಪಾಳಿ ಹಾಕಿಕೊಂಡೆವು. ಸೋಮವಾರ ಒಬ್ಬಳು ಬೀದಿ ನೋಡಿದರೆ ಅವಳ ಮಗನನ್ನೂ ಬಸ್ಸಿಗೆ ಬಿಡೋದು ಇನ್ನೊಬ್ಬಳು. ಅದಿಲ್ಲದಿದ್ದರೆ ಒಂದು ವಾರವೂ ನಡೆಯುತ್ತಿರಲಿಲ್ಲ.

ತೆರಿಗೆದಾರ:

ನನಗೆ ಈ ಇಡೀ ಮಾತೇ ಒಪ್ಪಿಗೆ ಇಲ್ಲ. ಆಸ್ತಿ ತೆರಿಗೆ ಕಟ್ಟುತ್ತೇವೆ, ಅದರ ಜೊತೆ ಸೆಸ್ ಬೇರೆ. ಕಸ ತೆಗೆಯೋದು, ಕೆರೆ ನೋಡಿಕೊಳ್ಳೋದು ಅವರ ಕೆಲಸ. ನಾವು ಪುಕ್ಕಟೆ ಮಾಡಿಕೊಟ್ಟಷ್ಟೂ ಅವರು ಇನ್ನೂ ಸುಮ್ನೆ ಕೂರುತ್ತಾರೆ. ಭಾನುವಾರ ಮಕ್ಕಳ ಜೊತೆ ಇರಿ ಸ್ವಾಮಿ, ಅದೂ ಸೇವೆಯೇ.

ವಾರ್ಡ್‌ಸಭೆ:

ತೆರಿಗೆದಾರ ಅವರೇ, ಅರ್ಧ ಒಪ್ಪುತ್ತೇನೆ. ಆದರೆ ಅವರ ಕೈಲಿ ಕೆಲಸ ಮಾಡಿಸೋದಕ್ಕೂ ಯಾರಾದರೂ ಹೊತ್ತು ಕೊಡಬೇಕಲ್ವಾ? ಅದು ತಾನಾಗಿ ಆಗಲ್ಲ.

ನಾನು ಗುದ್ದಲಿ ಹಿಡಿದವನಲ್ಲ. ಮಾಹಿತಿ ಹಕ್ಕು ಅರ್ಜಿ ಹಾಕುತ್ತೇನೆ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯಲ್ಲೇ ಇದೆ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹೊಸಬರು ನಾಲ್ಕು ಪುಟ ಬರೆದು ವಾಪಸ್ ಬಂತು ಅಂತ ಬೇಜಾರಾಗುತ್ತಾರೆ. ಚಿಕ್ಕದಾಗಿ ಕೇಳಿ: ಇಂಥ ರಸ್ತೆಯ ಚರಂಡಿ ಕೆಲಸದ ಅಂದಾಜು ಪಟ್ಟಿ ಕೊಡಿ, ಬಿಲ್ ಪಾವತಿಯಾದ ದಾಖಲೆ ಕೊಡಿ. ಅಷ್ಟೇ.

ನಮ್ಮ ರಸ್ತೆಯಲ್ಲಿ ಚರಂಡಿ ಮೇಲಿನ ಕಲ್ಲು ಹಾಕದೇ ಬಿಟ್ಟಿದ್ದರು. ಇಂಥ ಒಂದು ಅರ್ಜಿ ಹೋದ ಮೇಲೆ ಕಲ್ಲು ಬಂತು. ಮನೆಯಲ್ಲಿ ಕೂತು ಬರೆದದ್ದು, ಅಂಚೆಯಲ್ಲಿ ಕಳಿಸಿದ್ದು. ಇದೂ ಊರ ಕೆಲಸ ಅಂತಲೇ ನಾನು ತಿಳಿದಿರೋದು.

ತೆರಿಗೆದಾರ:

ಅದು ಸರಿ. ಅಂಥದ್ದಕ್ಕೆ ನಾನೂ ಬರುತ್ತೇನೆ. ಕಳೆ ಕೀಳೋಕೆ ಮಾತ್ರ ಕರೆಯಬೇಡಿ. ಆದರೆ ವಾರ್ಡ್ ಸಮಿತಿ ಅಂತ ಒಂದಿತ್ತಲ್ಲ, ಅದರ ಕತೆ ಏನಾಯ್ತು?

ವಾರ್ಡ್‌ಸಭೆ:

ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರ್ ಇಲ್ಲದಿದ್ದಾಗ ಜನ ನೇರವಾಗಿ ಎಂಜಿನಿಯರ್ ಹಿಂದೆ ಓಡಾಡಬೇಕಾಯಿತು. ನಮ್ಮಂಥವರು ಬೇಕಾಗಿದ್ದೇ ಅದಕ್ಕೆ. ಇದರ ಬಗ್ಗೆ ಬರೆಯೋಕೆ ಹೊರಟರೆ ಬೇರೆಯೇ ಚರ್ಚೆ ಆಗುತ್ತದೆ, ಇಲ್ಲಿ ಬೇಡ.

ಅಡಿಕೆತೋಟ:

ನಿಮ್ಮ ಮಾತೆಲ್ಲ ಓದಿದೆ. ಹಳ್ಳಿ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಇದಕ್ಕೆ ಯಾರೂ ಸೇವೆ ಅಂತ ಹೆಸರಿಡಲ್ಲ.

ದಕ್ಷಿಣ ಕನ್ನಡ, ಕಾಸರಗೋಡು ಕಡೆ ಮಳೆ ನಿಂತ ಮೇಲೆ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತೇವೆ. ನೀರಿನ ಹರಿವು ಇಳಿಯುತ್ತಾ ಬರುವಾಗ, ಡಿಸೆಂಬರ್ ಹೊತ್ತಿಗೆ. ಕಲ್ಲು, ಮಣ್ಣು, ಅಡಿಕೆ ಮರದ ತುಂಡು, ಈಗೀಗ ಪ್ಲಾಸ್ಟಿಕ್ ಶೀಟು. ಕಾಸರಗೋಡಿನ ಏತಡ್ಕದಂಥ ಊರಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಕಟ್ಟುತ್ತಾರೆ. ಮೇಲಿನ ಕಟ್ಟದ ನೀರು ಇಂಗಿ ಕೆಳಗಿನವನ ಬಾವಿಗೆ ಬರುತ್ತದೆ. ಹಾಗಾಗಿ ಒಬ್ಬ ಕಟ್ಟಿ ಇನ್ನೊಬ್ಬ ಬಿಟ್ಟರೆ ಎಲ್ಲರಿಗೂ ಲುಕ್ಸಾನು.

ದಿನ ಗೊತ್ತು ಮಾಡೋದು ಹೇಗೆ ಅಂದರೆ, ನೀರು ಗೊತ್ತು ಮಾಡುತ್ತದೆ. ತಡ ಮಾಡಿದರೆ ಹಿಡಿಯೋಕೆ ನೀರೇ ಇರಲ್ಲ, ಬೇಗ ಕಟ್ಟಿದರೆ ಒಂದು ಅಕಾಲ ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ. ಆ ದಿನ ಮನೆಗೊಬ್ಬರು ಬರಲೇಬೇಕು. ಬರಲಿಲ್ಲ ಅಂದರೆ ಯಾರೂ ಬೈಯಲ್ಲ, ಆದರೆ ನಾಳೆ ಅವರ ಮನೆ ಕೆಲಸಕ್ಕೆ ಕರೆದರೆ ಜನ ಹಿಂದೆ ಮುಂದೆ ನೋಡುತ್ತಾರೆ. ನಮ್ಮ ಕಡೆಯೂ ಯುವಕರು ಊರು ಬಿಟ್ಟಿದ್ದಾರೆ. ಆಳಿನ ಕೊರತೆಯಿಂದ ಎಷ್ಟೋ ಕಟ್ಟ ನಿಂತಿದೆ. ಬೆಂಗಳೂರಿನಲ್ಲಿರುವ ಹುಡುಗರಿಗೆ ಒಂದು ಕೋರಿಕೆ: ಊರಿಗೆ ಬರೋ ರಜೆಯನ್ನು ಕಟ್ಟದ ದಿನಕ್ಕೆ ಹೊಂದಿಸಿಕೊಳ್ಳಿ. ಅಪ್ಪನಿಗೆ ಫೋನ್ ಮಾಡಿ ಕೇಳಿದರೆ ದಿನ ಹೇಳುತ್ತಾರೆ.

ತೀರ್ಥಹಳ್ಳಿ_ಕಡೆಯವ:

ನಮ್ಮಲ್ಲೂ ನಾಟಿ, ಕೊಯ್ಲಿಗೆ ಮುಯ್ಯಾಳು ಇತ್ತು. ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ. ಹಿಂದಿನವರು ಎಲ್ಲವನ್ನೂ ಪುಕ್ಕಟೆ, ಪ್ರೀತಿಯಿಂದ ಮಾಡುತ್ತಿದ್ದರು. ಈಗ ಎಲ್ಲದಕ್ಕೂ ದುಡ್ಡು.

ನಿವೃತ್ತ_ಮೇಷ್ಟ್ರು:

ತಮ್ಮಾ, ಅಲ್ಲೊಂದು ತಿದ್ದುಪಡಿ. ಎಲ್ಲವೂ ಪುಕ್ಕಟೆ ನಡೆಯುತ್ತಿತ್ತು ಅನ್ನೋದು ಸರಿಯಲ್ಲ. ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿ ಅಂತ ಇದ್ದ. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು, ಏರಿ ಎಲ್ಲಿ ಜಿನುಗುತ್ತಿದೆ ಅಂತ ಮಳೆಗಾಲದ ರಾತ್ರಿಯಲ್ಲಿ ನಡೆದು ನೋಡೋದು ಅವನ ಕೆಲಸ. ಅವನಿಗೆ ಮಾನ್ಯದ ಜಮೀನೋ ಸುಗ್ಗಿಯಲ್ಲಿ ಧಾನ್ಯವೋ ಸಿಗುತ್ತಿತ್ತು. ಊರಿನವರು ಹೂಳು ಎತ್ತಲು ಕೈಜೋಡಿಸುತ್ತಿದ್ದರು ನಿಜ. ಆದರೆ ದಿನದ ಕೆಲಸಕ್ಕೆ ಕೂಲಿ ಇತ್ತು. ಬಿಟ್ಟಿ ಅಂತ ಬಲವಂತದಿಂದ ಮಾಡಿಸಿಕೊಂಡ ಕೆಲಸವೂ ಬೇಕಾದಷ್ಟಿತ್ತು, ಅದನ್ನು ಮಾಡಿದವರು ಯಾವ ಜಾತಿಯವರು ಅಂತ ಹೇಳಬೇಕಾಗಿಲ್ಲ. ಅದನ್ನು ಪ್ರೀತಿ ಅಂತ ಕರೆಯಬಾರದು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇವತ್ತೂ ಕೆರೆ ಗುಂಪಿನವರು ಮಾಲಿಗೆ ಸರಿಯಾದ ಸಂಬಳ ಕೊಡಬೇಕು. ನಾವು ಸ್ವಯಂಸೇವಕರು, ನೀನೂ ಸ್ವಲ್ಪ ಸೇವೆ ಮಾಡು ಅಂತ ಅವನಿಗೆ ಹೇಳಬಾರದು.

ಕೆರೆದಂಡೆ:

ಮೇಷ್ಟ್ರೇ, ಈ ಮಾತನ್ನು ಎಲ್ಲ ಗುಂಪಿನವರೂ ಓದಬೇಕು.

ರಕ್ತದಾನಿ_ಮೈಸೂರು:

ಹೊತ್ತಿಲ್ಲ ಅನ್ನುವವರಿಗೆ ನನ್ನ ಸಲಹೆ ರಕ್ತದಾನ. ಅರ್ಧ ದಿನವೂ ಬೇಡ. ಹೆಸರು ಬರೆಸಿ, ತಪಾಸಣೆ ಮುಗಿಸಿ, ರಕ್ತ ಕೊಟ್ಟು, ಜ್ಯೂಸ್ ಕುಡಿದು ಒಂದು ಗಂಟೆಯೊಳಗೆ ಆಚೆ ಬರಬಹುದು. 6 ತಿಂಗಳಿಗೊಮ್ಮೆ ಕೊಡಬಹುದು.

ಲ್ಯಾಬ್‌ಅಕ್ಕ:

ಒಂದು ತಿದ್ದುಪಡಿ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ವಯಸ್ಸು 18 ದಾಟಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು.

ನಾನು ರಕ್ತನಿಧಿಯಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಇನ್ನೊಂದು ಮಾತು. ಜನ ಅಕ್ಟೋಬರ್ 1ರ ರಕ್ತದಾನ ದಿನಕ್ಕೆ, ಯಾರದೋ ಹುಟ್ಟುಹಬ್ಬದ ಶಿಬಿರಕ್ಕೆ ಸಾಲುಗಟ್ಟಿ ಬರುತ್ತಾರೆ. ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಇಡಬಹುದು. ಪ್ಲೇಟ್‌ಲೆಟ್ ಬರೀ 5 ದಿನ, ಅದನ್ನೂ ಯಂತ್ರದಲ್ಲಿ ಅಲ್ಲಾಡಿಸುತ್ತಲೇ ಇರಬೇಕು. ಒಂದೇ ದಿನ ಸಿಕ್ಕಾಪಟ್ಟೆ ಬಂದರೆ ನಮಗೆ ಉಪಯೋಗ ಕಡಿಮೆ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ಶಿಬಿರ ಇರಲ್ಲ, ಆಗ ಪರದಾಡುತ್ತೇವೆ. ಅದು ಮುಗಿಯುವಷ್ಟರಲ್ಲಿ ಮಳೆಗಾಲದ ಡೆಂಗಿ ಶುರು. ದಯವಿಟ್ಟು ಹತ್ತಿರದ ರಕ್ತನಿಧಿಗೆ ಹೋಗಿ ನಂಬರ್ ಕೊಟ್ಟು ಬನ್ನಿ, ಬೇಕಾದಾಗ ಕರೀರಿ ಅನ್ನಿ. ಕರೆದಾಗ ಬರುವ ಹತ್ತು ಜನ ನಮಗೆ ದೊಡ್ಡ ಬಲ.

ರಕ್ತದಾನಿ_ಮೈಸೂರು:

ಥ್ಯಾಂಕ್ಸ್ ಅಕ್ಕಾ. ನಮ್ಮ ಶಿಬಿರದವರು 6 ತಿಂಗಳು ಅಂತಲೇ ಹೇಳುತ್ತಿದ್ದರು.

ಟೀಶರ್ಟ್_ಬೇಡ:

ಕಂಪನಿಗಳ ಸೇವಾ ದಿನದ ಬಗ್ಗೆ ಯಾರೂ ಹೇಳಲಿಲ್ಲ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ 2% ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಅದರ ಜೊತೆಗೆ ನೌಕರರನ್ನು ವರ್ಷಕ್ಕೊಂದು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಪದ್ಧತಿಯೂ ಬಂತು. ನನ್ನ ಅಕ್ಕ ಸರ್ಕಾರಿ ಶಾಲೆ ಟೀಚರ್. ಅವಳ ಶಾಲೆಯ ಅದೇ ಗೋಡೆಗೆ ಮೂರು ಬೇರೆ ಬೇರೆ ಕಡೆಯವರು ಬಂದು ಬಣ್ಣ ಬಳಿದರು. ಆ ದಿನ ಪಾಠ ಇಲ್ಲ, ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ಕೂತು ಸ್ವಾಗತ ಗೀತೆ ಹಾಡಬೇಕು. ಶಾಲೆಗೆ ಬೇಕಾಗಿದ್ದು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು. ಅದನ್ನು ಕೇಳಿದವರೇ ಇಲ್ಲ.

ಬರುವವರಿಗೆ ಕೆಟ್ಟ ಉದ್ದೇಶ ಇರಲ್ಲ, ಅದು ನನಗೆ ಗೊತ್ತು. ಆದರೆ ಹೋಗುವ ಮೊದಲು ಒಂದು ಫೋನ್ ಮಾಡಿ, ನಿಮಗೆ ಏನು ಬೇಕು ಮೇಡಂ ಅಂತ ಕೇಳಿದರೆ ಸಾಕು.

ಪುಸ್ತಕಹುಳ:

ಅದಕ್ಕೇ ನನಗೆ ಬೆಂಗಳೂರಿನ ಅಗ್ಲಿ ಇಂಡಿಯನ್ ಗುಂಪು ಇಷ್ಟ. 2010ರಿಂದ ಇದ್ದಾರೆ. ಯಾರು ಏನು ಅಂತ ಹೆಸರಿಲ್ಲ, ಮುಖ ತೋರಿಸಲ್ಲ. ಮಾತು ಬೇಡ, ಕೆಲಸ ಮಾಡು ಅನ್ನೋದೇ ಅವರ ನಿಯಮ. ಕಸದ ಮೂಲೆ ತೆಗೆದು ಗೋಡೆಗೆ ಬಣ್ಣ ಹಚ್ಚಿ ಹೋಗುತ್ತಿದ್ದರು.

ಹಾಸನದವಳು:

ಬಣ್ಣ ಹಚ್ಚಿದ ಮೂಲೆ ಆರು ತಿಂಗಳು ಹಾಗೇ ಉಳಿಯಬೇಕಾದರೆ ಆ ಬೀದಿಯವರು ಜೊತೆಗೆ ಬರಬೇಕು. ಇಲ್ಲದಿದ್ದರೆ ಕಸ ಮುಂದಿನ ತಿರುವಿಗೆ ಹೋಗುತ್ತದೆ, ಅಷ್ಟೇ. ನಮ್ಮಲ್ಲೇ ನೋಡಿದ್ದೇನೆ.

ಪುಸ್ತಕಹುಳ:

ಅದನ್ನು ಅವರೂ ಹೇಳುತ್ತಾರೆ. ಅಂಗಡಿಯವರು, ಪೌರಕಾರ್ಮಿಕರು ಎಲ್ಲರನ್ನೂ ಮೊದಲು ಮಾತಾಡಿಸಿಯೇ ಶುರು ಮಾಡುತ್ತಾರೆ.

ಬರೆವಕೈ:

ಇನ್ನೊಂದು ಕೆಲಸ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡೋದು. ಸ್ಕ್ರೈಬ್ ಅಂತಾರೆ. ಸೆಮಿಸ್ಟರ್ ಪರೀಕ್ಷೆ ಬಂದಾಗ ಇವರಿಗೆ ಜನ ಸಿಗೋದೇ ಕಷ್ಟ, ಯಾಕೆಂದರೆ ಪರೀಕ್ಷೆ ಇರೋದು ವಾರದ ದಿನ. ನಾನು ವರ್ಷದ ರಜೆಯಲ್ಲಿ ಕೆಲವನ್ನು ಇದಕ್ಕೇ ಎತ್ತಿಡುತ್ತೇನೆ. ವೇಳಾಪಟ್ಟಿ ಮೊದಲೇ ಬಂದಿರುತ್ತದೆ, ಹಾಗಾಗಿ ಆಫೀಸಿನಲ್ಲಿ ಹೇಳೋಕೂ ಸುಲಭ.

ಒಬ್ಬ ಹುಡುಗನಿಗೆ ಇತಿಹಾಸದ ಪತ್ರಿಕೆ ಬರೆಯುತ್ತಿದ್ದೆ. ಪ್ರತಿ ಉತ್ತರ ಮುಗಿದ ಕೂಡಲೇ "ಎಷ್ಟು ಪುಟ ಆಯ್ತು ಸರ್?" ಅಂತ ಕೇಳುತ್ತಿದ್ದ. ಹತ್ತು ಅಂಕದ ಪ್ರಶ್ನೆಗೆ ಎರಡೂವರೆ ಪುಟ ಬರಲೇಬೇಕು ಅನ್ನೋದು ಅವನ ಲೆಕ್ಕ. ಕಡಿಮೆ ಆದರೆ ಇನ್ನೊಂದು ಪ್ಯಾರಾ ಹೇಳುತ್ತಿದ್ದ. ಮುಖ್ಯ ಇಸವಿ ಬಂದಲ್ಲಿ "ಅಡಿಗೆರೆ ಹಾಕಿ ಸರ್" ಅನ್ನುತ್ತಿದ್ದ. ಉತ್ತರ ಪತ್ರಿಕೆ ಹೇಗೆ ಕಾಣಬೇಕು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಕೆಲಸ ಅವನು ಹೇಳಿದ್ದನ್ನು ಹೇಳಿದ ಹಾಗೆ ಬರೆಯೋದು, ಒಂದಕ್ಷರ ಸೇರಿಸಬಾರದು, ಬಿಡಬಾರದು.

ಹೊಸಮುಖ_22:

ಸರ್ ನಾನು ಬಿ.ಇ. ಮುಗಿಸಿದ್ದೇನೆ, ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಬರೆಯಬಹುದಾ?

ಬರೆವಕೈ:

ಇಲ್ಲ. ಕೇಂದ್ರದ ಮಾರ್ಗಸೂಚಿ ಪ್ರಕಾರ ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್ ಓದಿನಲ್ಲಿ ಅಭ್ಯರ್ಥಿಗಿಂತ ಕೆಳಗಿರಬೇಕು. ಎಸ್‌ಎಸ್‌ಎಲ್‌ಸಿಗೆ ಕೆಳಗಿನ ತರಗತಿಯ ಮಕ್ಕಳೇ ಬರೆಯುತ್ತಾರೆ. ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತಲೂ ಅದರಲ್ಲಿದೆ. ಕೆಲವು ಕಡೆ ಮೇಲ್ವಿಚಾರಕರಿಗೆ ಇದು ಗೊತ್ತಿರಲ್ಲ, ಮೊದಲೇ ಕಾಲೇಜಿನಲ್ಲಿ ಮಾತಾಡಿಕೊಳ್ಳಿ. ನೀವು ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡಬಹುದು. ಅದಕ್ಕೆ ಓದಿನ ಹಂತದ ನಿಯಮ ಇಲ್ಲ, ಹೊತ್ತೂ ನಿಮ್ಮದೇ. ಕನ್ನಡ ಮಾಧ್ಯಮದ ಪದವಿ ಪುಸ್ತಕಗಳ ರೆಕಾರ್ಡಿಂಗ್ ಬಹಳ ಕಡಿಮೆ ಇದೆ. ಫ್ಯಾನ್ ಆಫ್ ಮಾಡಿ, ಫೋನಿನಲ್ಲಿ ನಿಧಾನವಾಗಿ ಓದಿದರೆ ಸಾಕು.

ಹೊಸಮುಖ_22:

ಇದನ್ನು ಮಾಡುತ್ತೇನೆ. ನನಗೆ ರಾತ್ರಿ ಶಿಫ್ಟು, ಹಗಲು ಯಾವ ಗುಂಪಿಗೂ ಹೋಗೋಕೆ ಆಗುತ್ತಿರಲಿಲ್ಲ.

ದೂರದೂರು:

ಅಮೆರಿಕದಿಂದ ಬರೆಯುತ್ತಿದ್ದೇನೆ. ಇಲ್ಲಿ ಕನ್ನಡ ಕೂಟಗಳು ಮಕ್ಕಳಿಗೆ ವಾರಾಂತ್ಯದ ಕನ್ನಡ ತರಗತಿ ನಡೆಸುತ್ತವೆ, ಕಲಿಸುವವರೆಲ್ಲ ಸ್ವಯಂಸೇವಕರು. ನಮ್ಮ ಗುಂಪಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾರನ್ನೂ ಕಾಯಂ ಶಿಕ್ಷಕರಾಗಿ ಅಂತ ಕೇಳಲ್ಲ. ಈ ಸೆಮಿಸ್ಟರ್‌ಗೆ ಆಗುತ್ತಾ ಅಂತ ಕೇಳುತ್ತೇವೆ. ಮುಗಿದ ಮೇಲೆ ಬಿಡಬಹುದು, ಯಾರೂ ಮುಖ ಸಿಂಡರಿಸಲ್ಲ. ಪ್ರತಿ ತರಗತಿಗೆ ಇಬ್ಬರು ಇರುತ್ತಾರೆ, ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು.

ಮೊದಲು ಕಾಯಂ ಅಂತಲೇ ಇತ್ತು. ಆಗ ಜನ ಹೆದರಿ ಒಪ್ಪುತ್ತಲೇ ಇರಲಿಲ್ಲ, ಒಪ್ಪಿದವರು ಸುಸ್ತಾಗಿ ಒಂದು ದಿನ ಫೋನೇ ಎತ್ತುತ್ತಿರಲಿಲ್ಲ. ಈಗ ಬಿಟ್ಟು ಹೋದವರು ಎರಡು ವರ್ಷ ಬಿಟ್ಟು ತಾವೇ ವಾಪಸ್ ಬರುತ್ತಾರೆ. ಬನಶಂಕರಿಯವರೇ, ನಿಮ್ಮ ಕೆರೆ ಗುಂಪಿನಲ್ಲಿ ಈ ಮಾತು ಎತ್ತಿ ನೋಡಿ.

ಧಾರವಾಡದಾಕಿ:

ದೂರದೂರು ಅವರು ಹೇಳಿದ್ದು ಭಾಳ ಚಲೋ ಅನಿಸಿತು ನೋಡ್ರಿ. ನಮ್ಮ ಕಡೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಬಂತು, ಮಕ್ಕಳಿಗೆ ಅಲ್ಲಿ ಸದಸ್ಯತ್ವ ಕೊಟ್ಟರು. ಶಾಲೆ ಮುಚ್ಚಿದ್ದ ಕೊರೊನಾ ಕಾಲ ಅದು. ನಮ್ಮ ಊರಿನ ಕೇಂದ್ರದಲ್ಲಿ ನಾನು ಸಂಜೆ ಕತೆ ಓದಿ ಹೇಳುತ್ತೇನೆ. ಹಾಲು ಡೇರಿಗೆ ಹಾಕಿ ಬರುವ ದಾರಿಯಲ್ಲೇ ಗ್ರಂಥಾಲಯ ಇದೆ. ಹೆಂಗೂ ದಿನಾ ಹೋಗುವ ದಾರಿ. ಅದಕ್ಕೇ ಇದು ತಪ್ಪಿಲ್ಲ. ಊರಿನ ಆ ಕಡೆ ಇದ್ದಿದ್ದರೆ ನಾನೂ ಯಾವಾಗಲೋ ಬಿಡುತ್ತಿದ್ದೆನೇನೋ.

ಟೀಶರ್ಟ್_ಬೇಡ:

ಸ್ವಲ್ಪ ವಿಷಯಾಂತರ. ಅಪಾರ್ಟ್‌ಮೆಂಟ್ ಸಭೆಗಳು, ಕೆರೆ ಗುಂಪಿನ ವಾಟ್ಸ್ಆ್ಯಪ್ ಎಲ್ಲ ಇಂಗ್ಲಿಷಿನಲ್ಲೇ ಇರೋದು ಯಾಕೆ? ಕೆರೆ ಏರಿ ಮೇಲೆ ದನ ಮೇಯಿಸುವ ಅಜ್ಜ, ಹೂವಿನ ಅಂಗಡಿಯ ಅಮ್ಮ, ಮೀನು ಹಿಡಿಯುವವರು, ಇವರಿಗೆಲ್ಲ ಕೆರೆ ಬಗ್ಗೆ ನಮಗಿಂತ ಜಾಸ್ತಿ ಗೊತ್ತು. ಅವರು ದಿನವಿಡೀ ಅಲ್ಲೇ ಇರುತ್ತಾರೆ. ಹೊತ್ತಿಲ್ಲ ಅಂತ ಒದ್ದಾಡುವ ನಾವು ಅಲ್ಲೇ ಇರುವವರನ್ನು ಕರೆಯೋದೇ ಇಲ್ಲ.

ಕೆರೆದಂಡೆ:

ವಿಷಯಾಂತರ ಅಲ್ಲವೇ ಅಲ್ಲ. ನಮ್ಮ ಕೆರೆಯಲ್ಲಿ ಚರಂಡಿ ನೀರು ರಾತ್ರಿ ಹೊತ್ತು ಬಿಡುತ್ತಿದ್ದಾರೆ ಅಂತ ಮೊದಲು ಹೇಳಿದ್ದು ಬಟ್ಟೆ ಇಸ್ತ್ರಿ ಮಾಡುವವರು. ಅವರ ಗಾಡಿ ಕೋಡಿ ಹತ್ತಿರವೇ ನಿಲ್ಲುತ್ತದೆ. ಆಮೇಲೆ ನಮ್ಮ ಸಭೆಯನ್ನು ಕ್ಲಬ್ ಹೌಸ್‌ನಿಂದ ಏರಿ ಮೇಲಿನ ಅರಳಿಕಟ್ಟೆಗೆ ತಂದೆವು, ಕನ್ನಡದಲ್ಲೇ ಮಾತಾಡುತ್ತೇವೆ. ಜನ ಅಲ್ಲಿಗೆ ತಂದು ಬಿಟ್ಟು ಹೋಗುವ ದೇವರ ಫೋಟೋಗಳ ಸಮಸ್ಯೆಯೂ ಹಾಗೇ ಬಗೆಹರಿಯಿತು. ಒಡೆದ ಗಾಜು ಕೆಸರಿನಲ್ಲಿ ಸೇರಿಕೊಂಡು ಕಳೆ ಕೀಳುವವರ ಕೈ ಕುಯ್ಯುತ್ತಿತ್ತು. ನಾವು ಬೋರ್ಡ್ ಹಾಕಿದರೆ ಯಾರೂ ಕೇಳುತ್ತಿರಲಿಲ್ಲ. ಹೂವಿನ ಅಮ್ಮನೇ ಜನರನ್ನು ನಿಲ್ಲಿಸಿ ಚೌಕಟ್ಟು ಬಿಚ್ಚಿ ಗಾಜು ಬೇರೆ ಇಡಿಸುತ್ತಾರೆ.

ಬನಶಂಕರಿಯವ:

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ವಂದನೆ. ಹಾಸನದವಳು ಅವರ ಪ್ರಶ್ನೆಯನ್ನು ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ. ಭಾನುವಾರ ಒಂದು ವಾರ ನಾನು ಕೆರೆಗೆ, ಒಂದು ವಾರ ಅವಳು ತನಗೆ ಬೇಕಾದ ಕಡೆಗೆ ಅಂತ ಮಾತಾಗಿದೆ. ಅವಳಿಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ಓದು ಹೇಳಿಕೊಡುವ ಆಸೆ. ಆದರೆ ಭಾನುವಾರ ಶಾಲೆ ಇರಲ್ಲವಲ್ಲ, ಹೇಗೆ? ಯಾರ ಅನುಮತಿ ಬೇಕು?

ನಿವೃತ್ತ_ಮೇಷ್ಟ್ರು:

ಶನಿವಾರ ಹೋಗಲಿ. ನಮ್ಮ ಸರ್ಕಾರಿ ಶಾಲೆಗಳು ಶನಿವಾರ ಬೆಳಗಿನ ಹೊತ್ತು ಇರುತ್ತವೆ, ನಿಮ್ಮ ಆಫೀಸುಗಳಿಗೆ ಆ ದಿನ ರಜೆ. ಇದಕ್ಕಿಂತ ಒಳ್ಳೆ ಹೊಂದಾಣಿಕೆ ಬೇಕಾ?

ಮೊದಲು ಮುಖ್ಯ ಶಿಕ್ಷಕರನ್ನು ಕಾಣಿ. ಬೆಳಗಿನ ಪ್ರಾರ್ಥನೆ ಹೊತ್ತಿಗೆ ಹೋಗಬೇಡಿ, ಅವರಿಗೆ ಉಸಿರಾಡೋಕೂ ಬಿಡುವಿರಲ್ಲ. ಅವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇಡುತ್ತಾರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಡಬೇಕಾಗಬಹುದು. ತರಗತಿಯಲ್ಲಿ ಟೀಚರ್ ಜೊತೆಗೇ ಇರಲಿ, ಹೊರಗಿನವರು ಮಕ್ಕಳ ಜೊತೆ ಒಬ್ಬರೇ ಇರೋದು ಬೇಡ. ಇದು ಅಪನಂಬಿಕೆ ಅಲ್ಲ, ಇರಬೇಕಾದ ಎಚ್ಚರ.

ಏನು ಮಾಡಬೇಕು ಅಂತ ಕೇಳಿದರೆ, ಭಾಷಣ ಬೇಡ, ಕಂಪ್ಯೂಟರ್ ಬೇಡ. ನಾಲ್ಕನೇ ತರಗತಿಯ ನಾಲ್ಕೈದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಲಿ. ಕೆಲವು ಮಕ್ಕಳಿಗೆ ಕಾಗುಣಿತ ಬರುತ್ತದೆ, ಒತ್ತಕ್ಷರ ಬಂದ ಕಡೆ ಬೆರಳು ನಿಲ್ಲುತ್ತದೆ. "ಕತ್ತೆ" ಅಂತ ಇದ್ದರೆ "ಕತೆ" ಅಂತ ಓದಿ ಮುಂದೆ ಹೋಗಿಬಿಡುತ್ತವೆ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಟೀಚರ್‌ಗೆ ಅದು ಕೇಳಿಸೋದೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಕೇಳಿಸುತ್ತದೆ. ಒಂದು ವರ್ಷ ಪ್ರತಿ ಶನಿವಾರ ಒಬ್ಬರು ಹೀಗೆ ಕೂತರೆ ಆ ಮಕ್ಕಳು ಐದನೇ ತರಗತಿಗೆ ಓದುತ್ತಾ ಹೋಗುತ್ತವೆ. ನಲವತ್ತು ವರ್ಷ ಪಾಠ ಮಾಡಿದವನ ಮಾತು ಇದು.

ಒಂದೇ ಕೋರಿಕೆ. ಜೂನ್‌ನಲ್ಲಿ ಶುರು ಮಾಡಿ ಆಗಸ್ಟ್‌ಗೆ ಬಿಡೋದಾದರೆ ಮೊದಲೇ ಮಕ್ಕಳಿಗೆ ಹಾಗೇ ಹೇಳಿ. ಬರುತ್ತೇನೆ ಅಂದವರು ಬರದಿದ್ದರೆ ಮಕ್ಕಳು ಗೇಟಿನ ಕಡೆ ನೋಡುತ್ತಾ ಕೂರುತ್ತವೆ.

ಬನಶಂಕರಿಯವ:

ಸರಿ ಮೇಷ್ಟ್ರೇ, ಹೇಳುತ್ತೇನೆ. ಕೆರೆದಂಡೆ ಅವರೇ, ನೀವು ಹೇಳಿದ ಹಾಗೆ ನಮ್ಮ ಗುಂಪಿನಲ್ಲಿ ಲೆಕ್ಕದ ವಿಷಯ ಕೇಳಿದೆ. ಅರ್ಧ ಗಂಟೆಯಲ್ಲಿ ಮನೆಗೇ ರಸೀದಿ ಪುಸ್ತಕ ಬಂತು! ಒಂದು ವರ್ಷಕ್ಕೆ ಮಾತ್ರ ಅಂತ ಒಪ್ಪಿದ್ದೇನೆ. ದಾನಿಗಳಿಗೆ ತೆರಿಗೆ ವಿನಾಯಿತಿಯ 80ಜಿ ರಸೀದಿ ಕೊಡೋದು ಹೇಗೆ ಅಂತ ಸ್ವಲ್ಪ ಹೇಳಿಕೊಡುತ್ತೀರಾ?

ಕೆರೆದಂಡೆ:

ಮೊದಲು ನಿಮ್ಮ ಟ್ರಸ್ಟ್‌ಗೆ 80ಜಿ ನೋಂದಣಿ ಇದೆಯಾ, ಅದರ ಅವಧಿ ಮುಗಿದಿಲ್ಲ ತಾನೇ ಅಂತ ನೋಡಿ. ಈಗ ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ದಾನಿಗಳ ಪ್ಯಾನ್ ನಂಬರ್ ದುಡ್ಡು ಬಂದ ದಿನವೇ ಬರೆದುಕೊಳ್ಳಿ, ಮಾರ್ಚ್‌ನಲ್ಲಿ ಹುಡುಕೋಕೆ ಹೋದರೆ ಯಾರೂ ಫೋನ್ ಎತ್ತಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅವರಿಗೆ ತೆರಿಗೆ ವಿನಾಯಿತಿ ಸಿಗಲ್ಲ, ಅದನ್ನು ಮೊದಲೇ ಹೇಳಿಬಿಡಿ. ನಮ್ಮ ಎಕ್ಸೆಲ್ ಹಾಳೆ ಇದೆ, ಹೆಸರುಗಳನ್ನು ತೆಗೆದು ಕಳಿಸುತ್ತೇನೆ.

ತೆರಿಗೆದಾರ:

ನನಗೂ ಒಂದು ಕಾಪಿ ಕಳಿಸಿ. ಲೆಕ್ಕ ನೋಡೋದು ನನ್ನ ವೃತ್ತಿಯೇ. ಎರಡು ಗುಂಪಿನ ಲೆಕ್ಕವನ್ನೂ ವರ್ಷಕ್ಕೊಮ್ಮೆ ನೋಡಿಕೊಡುತ್ತೇನೆ, ಫೀಸು ಬೇಡ.